ಶಾಮಿಯಾನದವರ ಪಿಕಪ್ಪಿನ ಹ್ಯಾಂಡ್ ಬ್ರೇಕು

ಬ್ರೇಕು ಹಿಡಿಯೋದಿಲ್ಲ ಅಂತ ಬರುವ ಗಾಡಿ ದಿನಕ್ಕೊಂದಾದರೂ ಇರುತ್ತೆ, ಅದರಲ್ಲಿ ನಗುವಂಥದ್ದೇನೂ ಇಲ್ಲ. ಹಿಡಿದ ಬ್ರೇಕು ಬಿಡೋದಿಲ್ಲ ಅಂತ ಬಂದವರ ಕಥೆಗಳು ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ. ಚಳ್ಳಕೆರೆಯಲ್ಲಿ ಪಾವಗಡ ರಸ್ತೆ ಪಕ್ಕ ನನ್ನ ರಿಪೇರಿ ಶೆಡ್ಡು. ತೊಂಬತ್ತರ ದಶಕದ ಕೊನೆಗೆ ಎರಡು ವರ್ಷ ಒಂದೇ ಪಿಕಪ್ಪಿನ ಒಂದೇ ಹ್ಯಾಂಡ್ ಬ್ರೇಕು ನನ್ನನ್ನು ಎಲ್ಲೆಲ್ಲಿಗೋ ಓಡಾಡಿಸಿತು. ಗಾಡಿ ನಮ್ಮೂರ ಶಾಮಿಯಾನದ ಯಜಮಾನರದ್ದು. ಮದುವೆ, ತಿಥಿ, ನಾಮಕರಣ ಏನೇ ಇರಲಿ, ಚಪ್ಪರದ ಬಟ್ಟೆ, ಕುರ್ಚಿ, ಅಡುಗೆ ಪಾತ್ರೆ ಎಲ್ಲ ಅದರಲ್ಲೇ ಹೋಗಬೇಕು. ಗಾಡಿ ದಾರಿಯಲ್ಲಿ ನಿಂತರೆ ಅಲ್ಲೆಲ್ಲೋ ಮುನ್ನೂರು ಜನ ಹಸಿದುಕೊಂಡು ಕೂರಬೇಕು. ಹಾಗಾಗಿ ಬ್ರೇಕು ಕಚ್ಚಿಕೊಂಡಾಗಲೆಲ್ಲ ಯಜಮಾನರು ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನೋ ಮುಖ ಹೊತ್ತು ನನ್ನ ಶೆಡ್ಡಿಗೆ ಬರೋರು.

೧. ಮೊಳಕಾಲ್ಮೂರಿನ ದಾರಿ

ಮೊದಲ ಸಲ ಅವರು ಹೇಳಿದ್ದು ನನಗೆ ಅರ್ಥವೇ ಆಗಲಿಲ್ಲ. ಗಾಡಿ ಹಿರಿಯೂರಿಗೆ ಹೋದರೆ ಚೆನ್ನಾಗಿ ಓಡುತ್ತಂತೆ. ಪರಶುರಾಂಪುರಕ್ಕೆ ಹೋದರೂ ತಕರಾರಿಲ್ಲವಂತೆ. ಮೊಳಕಾಲ್ಮೂರಿಗೆ ಹೊರಟರೆ ಮಾತ್ರ ಅರ್ಧ ದಾರಿಗೆ ಎಳೆಯೋಕಾಗದೆ ಮುಲುಗಿ, ಊರು ಮುಟ್ಟೋ ಹೊತ್ತಿಗೆ ಹಿಂದಿನ ಚಕ್ರ ಮುಟ್ಟಲಾಗದಷ್ಟು ಕಾದಿರುತ್ತಂತೆ. ಆ ದಿಕ್ಕು ಈ ಗಾಡಿಗೆ ಆಗಿಬರೋದಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಮುಂದುಗಡೆ ನಿಂಬೆಹಣ್ಣು ಬೇರೆ ಕಟ್ಟಿಸಿದ್ದರು.

ನಾನು ಜಾಕಿ ಕೊಟ್ಟು ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದೆ. ಸಲೀಸಾಗಿ ತಿರುಗಿತು. ಶೆಡ್ಡಿನಲ್ಲಿ ನಿಂತಾಗ ಗಾಡಿಗೆ ಯಾವ ರೋಗವೂ ಇರಲಿಲ್ಲ. ಕೊನೆಗೆ, ಮುಂದಿನ ಸಲ ಮೊಳಕಾಲ್ಮೂರಿಗೆ ಹೋಗುವಾಗ ನನ್ನನ್ನೂ ಹತ್ತಿಸಿಕೊಳ್ಳಿ ಅಂದೆ.

ಮೊಳಕಾಲ್ಮೂರು ಯಜಮಾನರ ಹೆಂಡತಿಯ ತವರು, ಅವರನ್ನು ನಾನು ಅಕ್ಕ ಅಂತಿದ್ದೆ. ಯಜಮಾನರು ಓಡಿಸುತ್ತಿದ್ದರು, ನಡುವೆ ಅಕ್ಕ ಕೂತಿದ್ದರು, ಕಿಟಕಿ ಪಕ್ಕ ನಾನು. ಊರಾಚೆ ಮೊದಲ ಗುಂಡಿಗೆ ಗಾಡಿ ಎಗರಿತು. ಅಕ್ಕ ಪಕ್ಕದಲ್ಲಿದ್ದ ಹ್ಯಾಂಡ್ ಬ್ರೇಕನ್ನು ಗಬಕ್ಕನೆ ಹಿಡಿದುಕೊಂಡರು. 'ಟಕ್' ಅಂತು. ಇನ್ನೊಂದು ಗುಂಡಿ ಬಂತು, ಇನ್ನೊಂದು ಟಕ್. ತಳಕು ದಾಟುವ ಹೊತ್ತಿಗೆ ಏಳು ಟಕ್ ಎಣಿಸಿದ್ದೆ. ಅದು ಹೆಂಗಸರು ಹಿಡಿದುಕೊಳ್ಳಲಿ ಅಂತ ಕೊಟ್ಟಿರೋ ಕಂಬಿ ಅಂತ ಅಕ್ಕ ತಿಳಿದಿದ್ದರು.

ಇದನ್ನು ಹೆಂಡತಿಗೆ ಹೇಳುವ ಧೈರ್ಯ ಯಜಮಾನರಿಗೆ ಇರಲಿಲ್ಲ. ಬದಲಿಗೆ ನನ್ನ ಕೈಲಿ ಮುಂದಿನ ತಗಡಿಗೆ ಒಂದು ಗಟ್ಟಿ ಕಂಬಿ ವೆಲ್ಡಿಂಗ್ ಮಾಡಿಸಿದರು. ತಿಂಗಳಾದ ಮೇಲೆ ಮತ್ತೆ ಚಕ್ರ ಕಾಯಿತು. ಮತ್ತೆ ಹತ್ತಿ ಕೂತೆ. ಅಕ್ಕನ ಎಡಗೈ ಹೊಸ ಕಂಬಿ ಮೇಲಿತ್ತು, ಬಲಗೈ ಹ್ಯಾಂಡ್ ಬ್ರೇಕಿನ ಮೇಲೆ. ನಾನೇ ಧೈರ್ಯ ಮಾಡಿ, ಅಕ್ಕಾ, ಒಂದು ಹಿಡಿದರೆ ಸಾಕಲ್ವಾ ಅಂದೆ.

ಅಕ್ಕ ಗಂಡನ ಕಡೆ ನೋಡಿ ಹೇಳಿದರು: "ಇವರು ಓಡಿಸೋ ಚೆಂದಕ್ಕೆ ಒಂದು ಸಾಲಲ್ಲ ಮೇಸ್ತ್ರಿ."

೨. ಸುಟ್ಟ ವಾಸನೆ

ಅಷ್ಟಕ್ಕೇ ನಿಂತಿದ್ದರೆ ನಾನೂ ನೆಮ್ಮದಿಯಾಗಿರುತ್ತಿದ್ದೆ. ಬರಬರುತ್ತಾ ಅಕ್ಕ ಗಾಡಿಯಲ್ಲಿ ಇಲ್ಲದಾಗಲೂ ಬ್ರೇಕು ಕಚ್ಚಿಕೊಳ್ಳಲು ಶುರುವಾಯಿತು. ಒಂದು ಸಲ ಎಳೆದರೆ ಸಾಕು, ಕೆಳಗಿಳಿಸಿದರೂ ಎಡಗಡೆ ಚಕ್ರ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಯಜಮಾನರು ಪರಶುರಾಂಪುರದ ಕಡೆ ಮದುವೆಗೆ ಚಪ್ಪರ ಹೇರಿಕೊಂಡು ಹೊರಟಿದ್ದರು. ಹಿಂದೆ ಬಟ್ಟೆ ಗಂಟಿನ ಮೇಲೆ ನಾಲ್ಕು ಜನ ಅಡುಗೆಯವರು, ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದ ಒಬ್ಬ ಅಜ್ಜ. ಸ್ವಲ್ಪ ದೂರ ಹೋಗೋದ್ರಲ್ಲಿ ಸುಟ್ಟ ವಾಸನೆ. ಚಪ್ಪರದ ಬಟ್ಟೆಗೆ ಕಿಡಿ ಬಿದ್ದರೆ ಗತಿಯೇನು ಅಂತ ಯಜಮಾನರು ಹೌಹಾರಿ ನಿಲ್ಲಿಸಿದರು. ಎಲ್ಲರನ್ನೂ ಇಳಿಸಿ, ಗಂಟು ಬಿಚ್ಚಿ, ಇಡೀ ಶಾಮಿಯಾನವನ್ನು ರಸ್ತೆ ಮೇಲೆ ಹಾಸಿ ಹುಡುಕಿದರು. ಎಲ್ಲೂ ಕಿಡಿ ಇಲ್ಲ. ಆಮೇಲೆ ಜೇಬು ನೋಡಿದರು. ಅಜ್ಜನ ಜೇಬಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ.

ನಾನು ಸೇದೇ ಇಲ್ಲ, ಕಟ್ಟು ಒಡೆದೇ ಇಲ್ಲ ನೋಡ್ರಪ್ಪಾ ಅಂತ ಅಜ್ಜ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಅವನನ್ನು ಅಲ್ಲೇ ಬಿಟ್ಟು ಹೊರಟರು. ಅಜ್ಜ ಬೈಯಲೂ ಇಲ್ಲ, ಟವೆಲ್ಲು ತಲೆಗೆ ಸುತ್ತಿಕೊಂಡು ನಡೆಯತೊಡಗಿದ.

ಗಾಡಿ ಒಂದು ಮೈಲಿಯೂ ಹೋಗಲಿಲ್ಲ. ಎಡಗಡೆ ಚಕ್ರದಿಂದ ಹೊಗೆ ಬಂತು, ಗಾಡಿ ನಡುರಸ್ತೆಯಲ್ಲಿ ನಿಂತೇ ಬಿಟ್ಟಿತು. ಎಲ್ಲರೂ ಇಳಿದು ಮೂಗು ಮುಚ್ಚಿಕೊಂಡು ನಿಂತಿದ್ದಾಗ ಹಿಂದಿನಿಂದ ಅಜ್ಜ ಬಂದ. ಯಾರೂ ಅವನ ಮುಖ ನೋಡಲಿಲ್ಲ. ಅಜ್ಜ ಹೊಗೆ ನೋಡಿದ, ಯಜಮಾನರನ್ನು ನೋಡಿದ, ನಿಲ್ಲದೆ ಮುಂದೆ ನಡೆಯುತ್ತಲೇ ಕೇಳಿದ:

"ಈಗ ಯಾರು ಸೇದ್ತಾ ಅವ್ರೆ, ಯಜಮಾನ್ರೆ?"

೩. ಸಾಹೇಬರ ಕಾಲಂ

ಆಮೇಲೆ ನಾನು ಕೇಬಲ್ಲಿಗೆ ಎಣ್ಣೆ ಬಿಟ್ಟೆ, ಡ್ರಮ್ಮು ಬಿಚ್ಚಿ ಉಜ್ಜಿದೆ, ಸ್ಪ್ರಿಂಗು ಹೊಸದು ಹಾಕಿದೆ. ಹದಿನೈದು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ರಾಗ. ಹ್ಯಾಂಡ್ ಬ್ರೇಕಿನ ತಂಟೆಗೇ ಹೋಗಬೇಡಿ, ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡಿ ಅಂತ ಯಜಮಾನರಿಗೆ ಹೇಳಿಟ್ಟೆ. ಅಷ್ಟರಲ್ಲಿ ಗಾಡಿಗೆ ಆರ್.ಟಿ.ಓ.ದವರ ಎಫ್.ಸಿ. ತಪಾಸಣೆ ಬಂತು.

ತಪಾಸಣೆಯ ಸಾಹೇಬರು ಬಂದಿದ್ದು ಊರಾಚೆಯ ಒಂದು ಮೈದಾನಕ್ಕೆ. ಯಜಮಾನರ ಜೊತೆ ನಾನೂ ಹೋಗಿದ್ದೆ. ಸಾಹೇಬರು ಲೈಟು ನೋಡಿದರು, ಹಾರನ್ನು ನೋಡಿದರು, ಹ್ಯಾಂಡ್ ಬ್ರೇಕ್ ಹಾಕಿ ಅಂದರು. ನಾನು ಸ್ವಲ್ಪವೇ ಎಳೆಯಿರಿ ಅಂತ ಕಣ್ಸನ್ನೆ ಮಾಡಿದೆ. ಯಜಮಾನರು ಗಾಬರಿಯಲ್ಲಿ ಎರಡೂ ಕೈಯಲ್ಲಿ ಹಿಡಿದು ಬಾವಿಯಿಂದ ಕೊಡ ಎಳೆದಂತೆ ಎಳೆದರು.

ನಾಲ್ಕು ಜನ ಸೇರಿ ನೂಕಿದರು, ಗಾಡಿ ಅಲ್ಲಾಡಲಿಲ್ಲ. ಸಾಹೇಬರಿಗೆ ಬಹಳ ಖುಷಿಯಾಯಿತು. ಭೇಷ್, ತೆಗೆದು ಮುಂದೆ ಹೋಗಿ ಅಂದರು.

ತೆಗೆದರು, ಗಾಡಿ ಮುಂದೆ ಹೋಗಲಿಲ್ಲ. ಅದರ ಹಿಂದೆ ಗೋಡೆ ಪಕ್ಕ ಸಾಹೇಬರ ಜೀಪು ಸಿಕ್ಕಿಹಾಕಿಕೊಂಡಿತ್ತು. ಅವರ ಊಟದ ಹೊತ್ತು ಬೇರೆ. ನಾನು ಅಂಗಿ ಬಿಚ್ಚಿ ಗಾಡಿ ಕೆಳಗೆ ನುಗ್ಗಿ ಡ್ರಮ್ಮಿಗೆ ಸುತ್ತಿಗೆಯಲ್ಲಿ ಬಡಿಯುತ್ತಾ ಹೋದೆ. ಮುಕ್ಕಾಲು ಗಂಟೆ ಆದ ಮೇಲೆ 'ಟಣ್' ಅಂತ ಬಿಟ್ಟಿತು. ಹೊರಗೆ ಬಂದಾಗ ಯಜಮಾನರು ಕೈ ಮುಗಿದುಕೊಂಡು ನಿಂತಿದ್ದರು. ಗಾಡಿ ಫೇಲಾದರೆ ಆ ತಿಂಗಳ ಮದುವೆಗಳೆಲ್ಲ ಕೈ ತಪ್ಪುತ್ತಿದ್ದವು.

ಸಾಹೇಬರು ಫಾರಮ್ಮನ್ನು ತಿರುಗಿಸಿ ಮುರುಗಿಸಿ ನೋಡಿ ಸಹಿ ಹಾಕಿದರು. "ಹ್ಯಾಂಡ್ ಬ್ರೇಕ್ ಹಿಡಿಯುತ್ತಾ ಅಂತ ಒಂದು ಕಾಲಂ ಇದೆ. ಬಿಡುತ್ತಾ ಅಂತ ಕಾಲಂ ಇಲ್ಲ," ಅಂದರು.

೪. ಒಳ್ಳೆ ಮನುಷ್ಯ

ಒಂದು ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಅದೇ ಪಿಕಪ್ಪು ಮುಲುಗುತ್ತಾ ಬಂದು ಶೆಡ್ಡಿನ ಮುಂದೆ ನಿಂತಿತು. ಇಳಿದವನು ಯಾರೋ ಹೊಸಬ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಲ್ಲಿ ಬಾಚಣಿಗೆ. ಯಜಮಾನರು ಡ್ರೈವರ್ ಇಟ್ಟುಕೊಂಡರು ಅಂದುಕೊಂಡೆ. ಟೀ ಕುಡಿಯೋಕೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿದನಂತೆ, ಆಮೇಲೆ ಬಿಡುತ್ತಿಲ್ಲವಂತೆ. ಬೇಗ ಮಾಡಿಕೊಡಿ, ದೂರ ಹೋಗಬೇಕು ಅಂದ.

ನನಗೆ ರೇಗಿತು. "ಈ ಗಾಡಿಗೆ ಹ್ಯಾಂಡ್ ಬ್ರೇಕ್ ಹಾಕಬಾರದು ಅಂತ ಯಜಮಾನ್ರು ಹೇಳ್ಲಿಲ್ವೇನಯ್ಯ?"

"ಹೇಳೋಕೆ ಅವರು ಇರ್ಲಿಲ್ಲ," ಅಂದ.

ಈ ಸಲ ಇದರ ಮೂಲ ನೋಡಿಯೇ ಬಿಡೋಣ ಅಂತ ಕೇಬಲ್ಲನ್ನು ಪೂರ್ತಿ ಬಿಚ್ಚಿದೆ. ಅವನೂ ತೋಳು ಮಡಚಿ ಪಕ್ಕದಲ್ಲಿ ಕೂತು, ಕೇಳಿದ್ದು ಕೇಳಿದಂತೆ ಎತ್ತಿ ಕೊಟ್ಟ. ಕೊಳವೆಯೊಳಗಿನ ತಂತಿ ಎಳೆದರೆ ತುಕ್ಕಿನ ಜೊತೆ ಕಪ್ಪನೆಯ ಅಂಟು ಬಂತು. ಅವನು ಅದನ್ನು ಬೆರಳಲ್ಲಿ ತೆಗೆದು ಮೂಸಿದ.

"ಮೇಸ್ತ್ರಿ, ಇದು ಸಾಂಬಾರು," ಅಂದ.

ನಾನು ನಕ್ಕೆ. ಆಮೇಲೆ ನೋಡಿದರೆ ಅಂಟಿನಲ್ಲಿ ಸಾಸಿವೆ ಕಾಳು. ಮೇಲೆ ನೋಡಿದರೆ ಗಾಡಿಯ ತಳದ ತಗಡಿನಲ್ಲಿ, ಸರಿಯಾಗಿ ಕೇಬಲ್ಲಿನ ನೆತ್ತಿ ಮೇಲೆ, ಒಂದು ತೂತು. ಮದುವೆ ಮುಗಿಸಿ ತೊಳೆಯದೆ ಹೇರಿಕೊಂಡು ಬಂದ ಪಾತ್ರೆಗಳಿಂದ ಎರಡು ವರ್ಷ ಉಪ್ಪು, ಹುಣಸೆಹುಳಿ ಅದರೊಳಕ್ಕೇ ಸೋರಿತ್ತು. ನಾನು ಎರಡು ವರ್ಷ ಸುತ್ತಿಗೆ ಬಡಿದು ಕಂಡುಹಿಡಿಯದ್ದನ್ನು ಇವನು ಅರ್ಧ ಗಂಟೆಯಲ್ಲಿ ಮೂಸಿ ಹೇಳಿದ್ದ. ಬಿಡಿಭಾಗದ ಅಂಗಡಿಗೆ ಅವನೇ ಹೋಗಿ ಹೊಸ ಕೇಬಲ್ಲು ತಂದ. ಹಾಕಿದೆವು. ತೂತಿಗೆ ತಗಡು ಬಡಿದೆವು.

ಅಷ್ಟೊತ್ತಿಗೆ ಯಜಮಾನರು ಬೆವರು ಸುರಿಸುತ್ತಾ ನಡೆದುಕೊಂಡು ಬಂದರು. ಗಾಡಿ ನೋಡಿ ಜೀವ ಬಂದಂತಾಗಿ ಕಲ್ಲಿನ ಮೇಲೆ ಕುಸಿದರು. ಊರೆಲ್ಲ ಹುಡುಕಿದೆ, ಒಂದು ಮಾತು ಹೇಳಿ ತರಬಾರದಾ ಅಂದರು. ನಾನು ಅವನ ಕಡೆ ಕೈ ತೋರಿಸಿ, ತಂದಿದ್ದು ಇವನು ಅಂದೆ. ಅವಸರದಲ್ಲಿ ಹೇಳೋಕಾಗಲಿಲ್ಲ ಅಂತ ಅವನು ತಲೆ ಬಗ್ಗಿಸಿದ. ನಾನು ಸಾಂಬಾರಿನ ಕಥೆ ಹೇಳಿದೆ. ಯಜಮಾನರು ಹ್ಯಾಂಡ್ ಬ್ರೇಕನ್ನು ಹತ್ತು ಸಲ ಎಳೆದು ಬಿಟ್ಟು ನೋಡಿದರು. ಹತ್ತು ಸಲವೂ ಬಿಟ್ಟಿತು. ಅವರ ಕಣ್ಣಲ್ಲಿ ನೀರು ಬಂತು. ಅವನ ಬೆನ್ನು ತಟ್ಟಿ ಮೂರು ಟೀ ತರಿಸಿದರು. ಇಂಥ ಮನುಷ್ಯ ಸಿಗೋದು ಕಷ್ಟ, ಸಿಕ್ಕರೆ ಬಿಡಬಾರದು ಅಂತ ನಾವಿಬ್ಬರೂ ಒಪ್ಪಿದೆವು. ಅವನು ಟೀ ಮುಗಿಸಿ, ಲೋಟ ತೊಳೆದಿಟ್ಟು, ಇಬ್ಬರಿಗೂ ಕೈ ಮುಗಿದು, ಎದುರಿಗೆ ಬಂದ ಬಳ್ಳಾರಿ ಬಸ್ಸು ಹತ್ತಿ ಹೋದ.

"ನಿನ್ನ ಆಳು ಕೆಲಸ ಬಿಟ್ಟು ಎಲ್ಲಿಗೆ ಹೋದ ಮೇಸ್ತ್ರಿ?" ಯಜಮಾನರು ಕೇಳಿದರು.

"ನನ್ನ ಆಳಾ? ಅವನು ನಿಮ್ಮ ಡ್ರೈವರ್ ಅಲ್ವಾ?"

ಬೆಳಿಗ್ಗೆ ಯಜಮಾನರು ಕೀಲಿ ಗಾಡಿಯಲ್ಲೇ ಬಿಟ್ಟು ಮನೆಯೊಳಗೆ ಹೋಗಿದ್ದರಂತೆ, ಬಂದು ನೋಡಿದರೆ ಗಾಡಿ ಇಲ್ಲ. ನನ್ನ ಹತ್ತಿರ ಬರುವ ಮೊದಲೇ ಠಾಣೆಗೆ ಹೋಗಿ ಕಂಪ್ಲೇಂಟು ಬರೆಸಿದ್ದರು.

ಅದನ್ನು ವಾಪಸು ಪಡೆಯೋಕೆ ಇಬ್ಬರೂ ಹೊಸ ಬ್ರೇಕಿನ ಗಾಡಿಯಲ್ಲೇ ಹೋದೆವು. ಬರೆದುಕೊಳ್ಳುತ್ತಿದ್ದ ಪೊಲೀಸಪ್ಪ, ಕಳ್ಳ ನೋಡೋಕೆ ಹೆಂಗಿದ್ದ ಅಂತ ಕೇಳಿದ. ಒಳ್ಳೆ ಮನುಷ್ಯ ಸಾರ್ ಅಂದರು ಯಜಮಾನರು. ಏನೇನು ಒಯ್ದ ಅಂತ ಕೇಳಿದ. ಏನೂ ಒಯ್ಯಲಿಲ್ಲ, ಹ್ಯಾಂಡ್ ಬ್ರೇಕ್ ರಿಪೇರಿ ಮಾಡಿಸಿ ಹೋದ ಅಂದರು.

ಪೊಲೀಸಪ್ಪ ಪೆನ್ನು ಕೆಳಗಿಟ್ಟ. ಒಂದು ಸಲ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ: "ಅವನು ಮತ್ತೆ ಸಿಕ್ಕರೆ ಸೀದಾ ಇಲ್ಲಿಗೆ ಕರ್ಕೊಂಡು ಬರ್ರಿ. ನಮ್ಮ ಜೀಪಿಂದೂ ಹಂಗೇ ಕಚ್ಕೊಂಡೈತೆ."