ಡೆವನ್ ಬೀದಿಯ ಹೊಸ್ತಿಲು

ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಶಿಕಾಗೋದಲ್ಲಿ ಒಂದು ಬುಲ್ಡೋಜರನ್ನು ಚಿಟಿಕೆ ಅರಿಶಿನದಿಂದ ನಿಲ್ಲಿಸಿದವಳು ಎಂದರೆ ನೀವು ನಂಬುವುದಿಲ್ಲ. ಬಿಡಿ, ಅವಳನ್ನು ಕಾರಿನಲ್ಲಿ ಕರೆದೊಯ್ದ ನನಗೇ ನಂಬಿಕೆಯಿಲ್ಲ!

ಶಿಕಾಗೋದ ಹೊರವಲಯದ ಪ್ಲೇನ್‌ಫೀಲ್ಡಿನಲ್ಲಿ ಅವಳ ಹೊಸ ಮನೆಗೂ ಹೊಸ್ತಿಲಿದೆ. ಅದನ್ನು ದಾಟುತ್ತಾಳೆ, ಪೂಜಿಸುವುದಿಲ್ಲ. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಲಕ್ಷ್ಮಿ ಕಾಲಿಡುವಳೇ? ಹಾಗಾಗಿ ಪ್ರತಿ ಶುಕ್ರವಾರ ನಾನು ಅವಳನ್ನು ನಗರದೊಳಗಿನ ಡೆವನ್ ಅವೆನ್ಯೂಗೆ ಕರೆದೊಯ್ಯಬೇಕಿತ್ತು. ಅಲ್ಲಿ ಬಟ್ಟೆ ಅಂಗಡಿಯ ಪಕ್ಕ, ಮಹಡಿ ಮನೆಗಳಿಗೆ ಹತ್ತುವ ಬಾಗಿಲು. ಅವಳು ಸಂಸಾರ ಹೂಡಿದ್ದು ಅಲ್ಲೇ ಮೇಲೆ. ಅದರ ಸವೆದ ಕಲ್ಲಿನ ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಡುತ್ತಿದ್ದಳು. ಅಂಗಡಿಯ ಪಾಕಿಸ್ತಾನಿ ಅಂಕಲ್ ಶನಿವಾರ ಗೊಣಗುತ್ತ ಒರೆಸುತ್ತಿದ್ದರು. ಶುಕ್ರವಾರ ಅವಳು ಕೂರಲೆಂದು ಸ್ಟೂಲು ಹೊರಗಿಡುತ್ತಿದ್ದವರೂ ಅವರೇ.

ಆ ಕಟ್ಟಡ ಕೆಡವಿ ಗಾಜಿನ ಅಪಾರ್ಟ್‌ಮೆಂಟ್ ಕಟ್ಟುವ ಸುದ್ದಿ ಬಂತು. ಬೀದಿಯವರು ಸಭೆ ಸೇರಿದರು. ಇದರಲ್ಲಿ ಉಳಿಸಿಕೊಳ್ಳುವಂಥದ್ದೇನಿದೆ ಎಂದು ಬಿಲ್ಡರ್ ಕೇಳಿದ. ಕಾಕು ಎದ್ದು ಧಾರವಾಡದ ಕನ್ನಡದಲ್ಲೇ ಝಾಡಿಸಿದಳು, ನಾನು ಅನುವಾದಿಸಿದೆ. ಹೊಸದಾಗಿ ಬಂದವರೆಲ್ಲ ಈ ಮೆಟ್ಟಿಲ ಮೇಲೆ ಕೂತೇ ಯಾವ ಬಸ್ಸು, ಯಾವ ಡಾಕ್ಟರು, ಎಲ್ಲಿ ಕೆಲಸ ಎಂದು ತಿಳಿದುಕೊಂಡರು. ನಿನ್ನ ಗಾಜಿನ ಮನೆಯ ಮುಂದೆ ಯಾರನ್ನು ಕೂರಲು ಬಿಡುತ್ತೀ? ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಲ್ಡರ್ ಕೂಡ ತಟ್ಟಿದ! ಪರವಾನಗಿ ಮಾತ್ರ ಅವನಿಗೇ ಸಿಕ್ಕಿತು.

ಕೆಡವುವ ದಿನ ಶುಕ್ರವಾರವೇ ಆಗಬೇಕೇ! ಯಂತ್ರ ಬರುವ ಮೊದಲೇ ಕಾಕು ಪೂಜೆ ಮುಗಿಸಿದ್ದಳು. ಈ ದೇಶದಲ್ಲಿ ನೆಲದ ಮೇಲೆ ಹಳದಿ ಗುರುತಿದ್ದರೆ ಕೆಳಗೆ ಗ್ಯಾಸ್ ಪೈಪು, ಕೆಂಪಿದ್ದರೆ ಕರೆಂಟು ಎಂದರ್ಥ. ನಮ್ಮ ಹೊಸ್ತಿಲಲ್ಲಿ ಎರಡೂ! ಕೆಲಸಗಾರರು ಯಂತ್ರ ನಿಲ್ಲಿಸಿ, ದೂರ ಸರಿದು, ಪರೀಕ್ಷೆ ಮಾಡುವವರಿಗೆ ಫೋನ್ ಮಾಡಿದರು. ಅಂಗಡಿ ಖಾಲಿ ಮಾಡಿದ್ದ ಅಂಕಲ್ ಸ್ಟೂಲನ್ನು ಮಾತ್ರ ಬಿಟ್ಟುಹೋಗಿದ್ದರು. ಕಾಕು ಅದರ ಮೇಲೆ ಊರು ಗೆದ್ದವಳಂತೆ ಕೂತಳು.

ಸೋಮವಾರ ಕಟ್ಟಡ ಬಿತ್ತು.

ಮುಂದಿನ ಶುಕ್ರವಾರ ಬೇಡವೆಂದರೂ ಹೊರಟಳು. ಬೇಲಿಯಾಚೆ ಬರೀ ಹಳ್ಳ. ಬಾಗಿಲಿದ್ದ ಅಂದಾಜಿನಲ್ಲಿ ಫುಟ್‌ಪಾತಿಗೇ ಅರಿಶಿನ ಹಚ್ಚತೊಡಗಿದಳು. ನನಗೆ ರೇಗಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

"ಹೊಸ್ತಿಲೇ ಇಲ್ಲ. ಇನ್ನು ಯಾರಿಗೆ ಕಾಕು ಈ ಪೂಜೆ?"

ಅವಳು ತಲೆಯೆತ್ತಲಿಲ್ಲ. ಚಿಕ್ಕಪ್ಪ ತೀರಿಕೊಂಡದ್ದು ಇಲ್ಲಿದ್ದ ಮನೆಯಲ್ಲೇ, ಅವಳು ಪ್ಲೇನ್‌ಫೀಲ್ಡಿಗೆ ಹೋಗುವ ಮೊದಲು.

"ನಿಮ್ಮ ಕಾಕಾಗ ಇದೊಂದ ಬಾಗಲಾ ಗೊತ್ತು," ಎಂದಳು. "ಪ್ಲೇನ್‌ಫೀಲ್ಡ್ ಅಡ್ರೆಸ್ ಅವರಿಗೆ ಯಾರು ಹೇಳ್ಯಾರ?"

ಗಾಳಿಗೆ ಕುಂಕುಮ ಹಾರುತ್ತಿತ್ತು. ನಾನು ಎರಡೂ ಕೈ ಅಡ್ಡ ಹಿಡಿದು ಅವಳ ಪಕ್ಕದಲ್ಲಿ ಕೂತೆ.