ಟವೆಲ್ಲಿನೊಳಗಿನ ಸೆಂಟರ್ ಫಾರ್ವರ್ಡ್

ನಮ್ಮ ಕಾಕಾ ಮನುಷ್ಯರನ್ನೆಲ್ಲ ಎತ್ತುಗಳೆಂದೇ ತಿಳಿದಿದ್ದಾರೆ. ಸುಳ್ಳಲ್ಲ! ಮೂವತ್ತು ವರ್ಷ ಮೂಡಲಗಿಯ ದನದ ಸಂತೆಯಲ್ಲಿ ದಲಾಲಿ ಮಾಡಿದವರು ಇನ್ನು ಹೇಗೆ ತಿಳಿದಾರು? ಅಕ್ಕನನ್ನು ನೋಡಲು ಹುಕ್ಕೇರಿಯಿಂದ ವರ ಬಂದಾಗ ಬೀಗರೆದುರಿಗೇ, "ಒಂದ್ಸಲ ಅಂಗಳದಾಗ ಅಡ್ಡಾಡಿ ತೋರಸ್ರಿ" ಎಂದುಬಿಟ್ಟರು. ಪಾಪ, ಸಾಲಿ ಮಾಸ್ತರ, ಅಡ್ಡಾಡಿದ. "ಹುಡುಗ ಚೊಲೋ ಅದಾನ, ಆದ್ರ ಎಡಗಾಲು ಎಳೀತೈತಿ" ಎಂದು ಕಾಕಾ ತೀರ್ಪು ಕೊಟ್ಟರು. ಎಳೆಯುತ್ತಿದ್ದದ್ದು ಕಾಲಲ್ಲ, ಉಂಗುಟ ಕಿತ್ತ ಚಪ್ಪಲಿ! ನಮ್ಮ ಭಾವ ಈಗಲೂ ಕಾಕಾ ಕಂಡರೆ ಕವಾಯತಿಗೆ ನಿಂತವರಂತೆ ನಡೆಯುತ್ತಾರೆ.

ಇಂಥವರ ಮಗಳು ಹಾಕಿ ಆಡುತ್ತಾಳೆ. ಗೋಕಾಕದ ಕಾಲೇಜು ತಂಡದಲ್ಲಿ ಗೋಲು ಹೊಡೆಯುವುದೇ ಅವಳ ಕೆಲಸ. ಹೋದ ವರ್ಷ ಪಂದ್ಯಕ್ಕೊಂದರಂತೆ ಬಾರಿಸಿದವಳು ಈ ವರ್ಷ ಆರು ಪಂದ್ಯ ಆಡಿದರೂ ಒಂದೂ ಇಲ್ಲ. ತಿಂಗಳ ಕೊನೆಯ ಪಂದ್ಯದಲ್ಲೂ ಹೊಡೆಯದಿದ್ದರೆ ತಂಡದಿಂದ ಹೊರಗೆ ಎಂದು ಕೋಚ್ ಹೇಳಿಯಾಗಿತ್ತು.

ಮನೆಯವರೆಲ್ಲ ರಾತ್ರೋರಾತ್ರಿ ಹಾಕಿ ಪಂಡಿತರಾದೆವು. "ದೃಷ್ಟಿ ಆಗೈತಿ" ಎಂದು ಅವಳವ್ವ, ನಮ್ಮ ಕಾಕು, ಮೆಣಸಿನಕಾಯಿ ನಿವಾಳಿಸಿದರು. ನಾನು ಮೊಬೈಲಿನಲ್ಲಿ ಓದಿಕೊಂಡು ಆತ್ಮವಿಶ್ವಾಸದ ಮೇಲೆ ಅರ್ಧ ಗಂಟೆ ಭಾಷಣ ಬಿಗಿದೆ. ಕೇಳಿದವರು ಆಕಳಿಸಿದರು.

ಕಾಕಾ ಮಾತ್ರ ಹೆಗಲ ಟವೆಲ್ಲು ತೆಗೆದು ಮಗಳ ಕೈಗಳ ಮೇಲೆ ಹೊದಿಸಿದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದೇ ವ್ಯಾಪಾರ ಮುಗಿಸುತ್ತಾರೆ.

"ಅಪ್ಪಾ, ನನ್ನ ಮಾರಾಕ ಹೊಂಟೀಯೇನು?"

"ಸುಮ್ಮನ ಕೂಡವಾ."

ಒಂದೊಂದೇ ಬೆರಳು ಒತ್ತುತ್ತ ಬಂದರು. ಎಡಗೈಯ ಉಂಗುರದ ಬೆರಳಿಗೆ ಬಂದಾಗ ಅವಳ ನಗು ನಿಂತಿತು.

"ಯಾವಾಗಿಂದ ಐತಿ ಇದು?"

"ಎರಡು ತಿಂಗಳಾತು. ಹೇಳಿದ್ರ ಆಡಾಕ ಬಿಡೂದಿಲ್ಲಲ್ಲಾ..."

ಬೆರಳು ಮಡಚಿದರೆ ಜೀವ ಹೋಗುವಷ್ಟು ನೋವು. ಹಿಡಿತ ಬಿಗಿಯದೆ, ಹೊಡೆಯುವ ಹೊತ್ತಿಗೆ ಸರಿಯಾಗಿ ಸ್ಟಿಕ್ಕು ಅಂಗೈಯಲ್ಲಿ ತಿರುಗಿಬಿಡುತ್ತಿತ್ತಂತೆ. ಇನ್ನು ನನ್ನ ಆತ್ಮವಿಶ್ವಾಸದ ಭಾಷಣವನ್ನು ಎಲ್ಲಿ ಬಚ್ಚಿಡಲಿ!

ಡಾಕ್ಟರು ಪಟ್ಟಿ ಕಟ್ಟಿ ಮೂರು ವಾರ ಸ್ಟಿಕ್ಕು ಮುಟ್ಟಬೇಡ ಎಂದರು. ಕಾಕಾ ನೇರವಾಗಿ ಕೋಚ್ ಬಳಿ ಹೋದರು. "ಸರ, ಹೆಗಲು ನೊಂದ ಎತ್ತಿನ ಮ್ಯಾಲೆ ನೊಗಾ ಹೇರಿ, ಗಳೆ ಎಳೀವಲ್ದು ಅಂದ್ರ ಹೆಂಗ್ರಿ?" ಕೋಚ್ ನಕ್ಕು, ಕೊನೆಯ ಪಂದ್ಯಕ್ಕೆ ಅವಳ ಜಾಗ ಉಳಿಸಿದರು. ಆದರೆ ಅದೊಂದೇ ಪಂದ್ಯಕ್ಕೆ.

ಪಟ್ಟಿ ಬಿಚ್ಚಿ ಅವಳು ಆಡಲಿಳಿದ ದಿನ ಮೈದಾನದಲ್ಲಿ ಕಾಕಾನನ್ನು ಕೇಳಿದೆ, "ಹೊಡಿತಾಳೇನ್ರಿ?"

ಯಾವ ಎತ್ತಿಗೂ, ಯಾವ ವರನಿಗೂ ತೀರ್ಪು ಕೊಡದೆ ಬಿಟ್ಟವರಲ್ಲ. "ನನಗೇನ್ ಗೊತ್ತೋ ತಮ್ಮಾ" ಎಂದರು.

ಮೊದಲರ್ಧ ಖಾಲಿ. ಮುಗಿಯಲು ಐದೇ ನಿಮಿಷ ಇದ್ದಾಗ ಗೋಲ್‌ಕೀಪರಳ ಕಾಲಿಗೆ ಬಡಿದು ಚೆಂಡು ವಾಪಸು ಬಂತು. ನಮ್ಮ ಹುಡುಗಿ ಬಾಗಿ ಬಾರಿಸಿದಳು ನೋಡಿ, ಗೋಲಿನ ಹಲಗೆ ಢಂ ಎಂದಿತು! ಹೋದ ಜೀವ ಬಂದಂತಾಯಿತು. ಎಲ್ಲರೂ ಕುಣಿದೆವು, ಕಾಕು ಯಾರನ್ನೋ ತಬ್ಬಿಕೊಂಡು ಆಮೇಲೆ ಗುರುತಿಲ್ಲವೆಂದು ನಾಚಿದರು. ಕಾಕಾ ಕುಳಿತೇ ಇದ್ದರು.

"ಗೋಲ್ ಆತ್ರಿ ಕಾಕಾ! ನೋಡಿದ್ರಿಲ್ಲೋ?"

"ಗೋಲ್ ನೋಡ್ಲಿಲ್ಲೋ" ಎಂದರು ಕಣ್ಣೊರೆಸಿಕೊಳ್ಳುತ್ತ. "ಆಕಿ ಮಾರಿ ನೋಡಾಕತ್ತಿದ್ನಿ. ಹೊಡಿಯೂವಾಗ ನೋವಾಗಲಿಲ್ಲ ಆಕಿಗೆ."