ಗೊರಿಲ್ಲಾ ಯಜಮಾನನೂ ನಮ್ಮಮ್ಮನ ಅಪ್ಪಣೆಯೂ

ಗೊರಿಲ್ಲಾಗಳ ಹಿಂದೆ ಕಾಡು ಅಲೆಯುವುದೇ ನನ್ನ ಕೆಲಸ ಎಂದು ನಮ್ಮ ಕೋಡಿಹಳ್ಳಿಯಲ್ಲಿ ಹೇಳಿದರೆ ಸಾಕು, ದಿನಕ್ಕೊಂದು ತಮಾಷೆ ಗ್ಯಾರಂಟಿ. ಆಫ್ರಿಕಾದ ಬೆಟ್ಟದ ಕಾಡಿನಿಂದ ರಜಕ್ಕೆ ಬಂದಿದ್ದೆ. ವಾಪಸ್ಸು ಹೊರಡುವ ಹೊತ್ತಿಗೆ ಅಮ್ಮ ಅಡ್ಡ ನಿಂತಳು.

"ಅಲ್ಲಿ ಜ್ವರ ಬಂದ್ರೆ ನೀರು ಕೊಡೋಕೆ ಯಾರವ್ರೆ? ಹಿರೀಕರು ಅಂತ ಒಬ್ರು ಬೇಡ್ವಾ?"

ಅವಳು ಹೂಂ ಅನ್ನದೆ ನಾನು ಹೊಸಿಲು ದಾಟುವವಳಲ್ಲ. ಆ ಕಾಡು ಬಿಟ್ಟಿರುವುದೂ ನನ್ನಿಂದಾಗದು.

ಊಟದ ವಿಚಾರ

ಪಕ್ಕದ ಮನೆ ತಾತ ನನ್ನ ಫೋನಿನಲ್ಲಿ ಗೊರಿಲ್ಲಾ ಗುಂಪಿನ ಯಜಮಾನನನ್ನು ನೋಡಿದ. ಬೆನ್ನೆಲ್ಲ ಬೆಳ್ಳಗೆ ನರೆತ ಗಂಡು. ಅವನು ಎದ್ದರೆ ಗುಂಪು ಏಳುತ್ತದೆ, ಕೂತರೆ ಕೂರುತ್ತದೆ.

"ಏನವ್ವಾ ಮೈಕಟ್ಟು! ಎಷ್ಟು ಮುದ್ದೆ ಹೊಡೀತಾನೆ?"

"ಮುದ್ದೆ ಎಲ್ಲಿ ತಾತ? ಸೊಪ್ಪು, ದಂಟು, ಬಿದಿರ ಕಳಲೆ."

"ಬಾಡು?"

"ಅಪರೂಪಕ್ಕೆ ಒಸಿ ಇರುವೆ."

ಒಳಗಿಂದ ಸೊಸೆಯ ದನಿ ಬಂತು: "ಕೇಳಿಸ್ತಾ ಮಾವ? ನಾಳೆಯಿಂದ ಬಾಡು ಅಂತ ಬಾಯ್ಬಿಡ್ಬೇಡಿ!"

ತಾತ ನನ್ನ ಕಡೆ ಬಾಗಿ ಪಿಸುಗುಟ್ಟಿದ: "ಒಸಿ ಮೆತ್ತಗೆ ಹೇಳಕ್ಕಾಗ್ಲಿಲ್ವಾ ನಿಂಗೆ?"

ನನ್ನ ಗುರು

ಗೊರಿಲ್ಲಾಗಳು ನೆಮ್ಮದಿಯಾಗಿ ಮೇಯುವಾಗ ಗಂಟಲಲ್ಲೇ ತೇಗಿನಂಥ ಸದ್ದು ಮಾಡುತ್ತವೆ. "ನಾನಿಲ್ಲಿದ್ದೀನಿ, ಎಲ್ಲ ಸರಿಯಾಗಿದೆ" ಎಂದರ್ಥ. ಅವುಗಳ ಹತ್ತಿರ ಹೋಗುವ ನಾವೂ ಅದನ್ನು ಕಲಿಯಬೇಕು. ಜೊತೆಗಿದ್ದವರು ವಾರಗಟ್ಟಲೆ ಕೆಮ್ಮಿ ಕೆಮ್ಮಿ ಗಂಟಲು ಕೆಡಿಸಿಕೊಂಡರು. ನಾನು ಮೊದಲ ಸಲವೇ ಮಾಡಿದೆ. ಪೊದೆಯ ಆಚೆಯಿಂದ ಯಜಮಾನ ಉತ್ತರ ಕೊಟ್ಟ! ಮೈ ಜುಂ ಎಂದಿತು. ಅಷ್ಟು ದೊಡ್ಡ ಜೀವ ನನ್ನನ್ನೂ ಒಬ್ಬಳು ಅಂತ ಲೆಕ್ಕಕ್ಕೆ ಹಿಡಿದಿತ್ತು. ಕಣ್ಣಲ್ಲಿ ನೀರೇ ಬಂತು.

"ಯಾವ ವಿಶ್ವವಿದ್ಯಾಲಯದಲ್ಲಿ ಕಲಿತೆ?" ಎಂದು ಮೇಲಧಿಕಾರಿ ಕೇಳಿದರು.

"ಮನೆಯಲ್ಲೇ ಸರ್. ಮುದ್ದೆ, ಬಸ್ಸಾರು ಉಂಡು ನಮ್ಮಪ್ಪ ಗೋಡೆಗೊರಗಿದಾಗ."

ಅಮ್ಮನ ಅಪ್ಪಣೆ

ಹೊರಡುವ ದಿನ ಹತ್ತಿರವಾದರೂ ಅಮ್ಮ ಜಗ್ಗಲಿಲ್ಲ. ಕೊನೆಗೆ ಅವರೆಕಾಯಿ ಬಿಡಿಸುತ್ತಿದ್ದವಳ ಮುಂದೆ ಒಂದು ವಿಡಿಯೋ ಹಿಡಿದೆ. ತಾಯಿ ಸತ್ತ ಪುಟ್ಟ ಮರಿಯೊಂದು ಸಂಜೆ ಎಲ್ಲರೂ ಗೂಡು ಕಟ್ಟುವಾಗ ಒಂಟಿಯಾಗಿ ನಿಂತಿದೆ. ಯಜಮಾನ ಸೊಪ್ಪು ಬಗ್ಗಿಸಿ ಹಾಸಿಗೆ ಮಾಡಿಕೊಂಡು ಮಲಗಿದ್ದಾನೆ. ಮರಿ ಮೆಲ್ಲಗೆ ಹತ್ತಿರ ಸರಿಯಿತು. ಅವನು ಆ ಭಾರೀ ಮೈಯನ್ನು ಪಕ್ಕಕ್ಕೆ ಸರಿಸಿ ಜಾಗ ಕೊಟ್ಟ, ಕೈಯಿಂದ ಎದೆಗೆ ಒತ್ತಿಕೊಂಡ.

ಅಮ್ಮ ಅವರೆಕಾಯಿ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಬ್ಬಲಿ ಮಗೀನ ಎಂಗೆ ನೋಡ್ಕತಾನೆ ನೋಡು! ಮನ್ಸರಿಗೂ ಬರಾಕಿಲ್ಲ ಈ ಬುದ್ಧಿ."

"ಅವ್ರ ಜೊತೇಲೇ ಕಣಮ್ಮ ನಾನಿರೋದು."

ಅಮ್ಮ ವಿಡಿಯೋ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದಳು. ಆಮೇಲೆ, "ಹೋಗ್ಬಾ ಮಗಾ. ಅಲ್ಲೂ ಹಿರೀಕರು ಅವ್ರೆ," ಅಂದಳು.

ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅಮ್ಮ ಫೋನಿನಲ್ಲಿ ಯಜಮಾನನ ಕಡೆ ಬೆರಳು ತೋರಿಸಿ ಕೇಳಿದಳು: "ಪಕ್ಕದಲ್ಲಿ ಕೂತಿರೋಳು ಅವನ ಹೆಂಡ್ತಿಯಾ?"

"ಹೂಂ ಅಮ್ಮ."

"ಮತ್ತೆ ಆ ಮೂವರು?"

"ಅವರೂ ಹೆಂಡ್ತೀರೇ."

ಅಮ್ಮ ಕಣ್ಣೊರೆಸಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹೋಗ್ಬಾ. ಆದ್ರೆ ಒಸಿ ದೂರದಲ್ಲೇ ಕೂತ್ಕೋ!"